ಪುನರ್ಪುಳಿ ಉದ್ದಿಮೆ: ಮರ ಎಣಿಸುವಲ್ಲಿಂದ ಬಾಟಲಿ ಮುಚ್ಚುವವರೆಗೆ

ಏಪ್ರಿಲ್ ನಡುವಿನಿಂದ ಮೇ ಕೊನೆಯ ಭಾಗದ ಪತ್ತನಾಜೆವರೆಗೆ, ಹೆಚ್ಚೆಂದರೆ ಆರು ವಾರ. ಹೆಬ್ರಿ, ಕಾರ್ಕಳ, ಬೈಂದೂರು, ಬೆಳ್ತಂಗಡಿ, ಸುಳ್ಯದ ಘಟ್ಟದ ಬುಡದ ಊರುಗಳಲ್ಲಿ ಪುನರ್ಪುಳಿ (ಕೋಕಂ) ಹಣ್ಣಾಗಿ ಉದುರುವುದು ಇಷ್ಟೇ ದಿನ. ಅಷ್ಟರೊಳಗೆ ಕೊಯ್ದು, ಕತ್ತರಿಸಿ, ಒಣಗಿಸಿ ಅಥವಾ ಸಕ್ಕರೆಗೆ ಹಾಕಿ ಮುಗಿಸಿದರೆ ಮುಂದಿನ ಹತ್ತು ತಿಂಗಳು ಮಾರಲು ಸರಕಿದೆ. ಮಳೆ ಹಿಡಿಯಿತೆಂದರೆ ಮರದಲ್ಲಿದ್ದದ್ದೂ ಅಂಗಳದಲ್ಲಿದ್ದದ್ದೂ ಒಟ್ಟಿಗೆ ಹಾಳು. ಹತ್ತಿಪ್ಪತ್ತು ಮಂದಿಯ ಸ್ವಸಹಾಯ ಗುಂಪೊಂದು ಈ ಆರು ವಾರಕ್ಕೆ ಹೇಗೆ ಸಿದ್ಧವಾಗಬೇಕು ಎಂಬುದನ್ನು ಇಲ್ಲಿ ಕೆಲಸದ ಕ್ರಮದಲ್ಲೇ ಹೇಳಿದ್ದೇವೆ.

ಕಾಡಿನಲ್ಲಿ ಬೇರೆ ಬೇಕಾದಷ್ಟು ಇರುವಾಗ ಪುನರ್ಪುಳಿಯೇ ಏಕೆ? ಇದರ ಹಣ್ಣು ಬಿಸಿಲು ಇರುವಾಗಲೇ ಬರುತ್ತದೆ, ಒಣಗಿಸಲು ಸೌದೆ ಬೇಡ. ಇದರದ್ದೇ ಬಳಗದ ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ. ಅದನ್ನು ಬೆಂಕಿಯ ಮೇಲೆಯೇ ಒಣಗಿಸಬೇಕು, ಹಣ್ಣು ಉಳಿಸಲು ಹೋಗಿ ಕಾಡಿನ ಮರವೇ ಸೌದೆಯಾಗುತ್ತದೆ. ದಾಲ್ಚಿನ್ನಿಗೆ ತೊಗಟೆ ಸುಲಿಯಬೇಕು, ಹಾಲ್ಮಡ್ಡಿಗೆ ಮರಕ್ಕೆ ಗಾಯ ಮಾಡಬೇಕು, ರಾಂಪತ್ರೆಗೆ ಪೈಪೋಟಿ ಹೆಚ್ಚಾದಲ್ಲಿ ಬಲಿಯುವ ಮೊದಲೇ ಕೊಂಬೆ ಕಡಿಯುವ ಕೆಟ್ಟ ಚಾಳಿ ಇದೆ. ಪುನರ್ಪುಳಿಯಲ್ಲಿ ಹಣ್ಣು ಮಾತ್ರ ಮನೆಗೆ ಬರುತ್ತದೆ, ಮರ ನಿಂತಲ್ಲೇ ನಿಂತಿರುತ್ತದೆ. ಹೊಸ ಗುಂಪಿಗೆ ಇದಕ್ಕಿಂತ ಒಳ್ಳೆಯ ಆರಂಭ ಕಾಣುವುದಿಲ್ಲ. ಕೊಂಡುಕೊಳ್ಳುವವರಿಗೂ ಇದರ ಪರಿಚಯ ಮಾಡಿಸಬೇಕಾಗಿಲ್ಲ. ಉಡುಪಿ, ಮಂಗಳೂರಿನ ಸೆಕೆಯಲ್ಲಿ ಪುನರ್ಪುಳಿ ಜ್ಯೂಸ್ ಕೇಳದ ಹೋಟೆಲಿಲ್ಲ, ಊಟಕ್ಕೆ ಪುನರ್ಪುಳಿ ಸಾರು ಮಾಡದ ಮನೆ ಕಡಿಮೆ.

ಮೊದಲು ಜಾಗ ಯಾರದು ಎಂದು ನೋಡಿ

ಮರ ಕಂಡಲ್ಲೆಲ್ಲ ಕೊಯ್ಯುವ ಹಾಗಿಲ್ಲ. ಇಲ್ಲಿ ತಪ್ಪಿದರೆ ಸರಕು ಮುಟ್ಟುಗೋಲಾಗುವುದರ ಜೊತೆಗೆ ಇಡೀ ಗುಂಪಿಗೆ ಕೆಟ್ಟ ಹೆಸರು ಬರುತ್ತದೆ.

ವರ್ಗ ಜಾಗದಲ್ಲಿ (ಸ್ವಂತ ಪಟ್ಟಾ ಜಾಗ), ಹಿತ್ತಿಲಿನಲ್ಲಿ, ತೋಟದ ಬದಿಯಲ್ಲಿ ಇರುವ ಮರದ ಹಣ್ಣಿಗೆ ಜಾಗದವರ ಒಪ್ಪಿಗೆ ಸಾಕು. ವರ್ಗ ಜಾಗಕ್ಕೆ ತಾಗಿಕೊಂಡಿರುವ ಕುಮ್ಕಿ ಸರಕಾರಿ ಜಾಗ. ವರ್ಗದಾರರಿಗೆ ಅಲ್ಲಿ ಸೊಪ್ಪು, ತರಗೆಲೆಯಂಥ ಸವಲತ್ತು ಇದೆಯೇ ಹೊರತು ಒಡೆತನವಿಲ್ಲ. ಅಲ್ಲಿನ ಹಣ್ಣನ್ನು ವ್ಯಾಪಾರಕ್ಕೆ ತೆಗೆಯುವ ಮೊದಲು ಗ್ರಾಮ ಆಡಳಿತಾಧಿಕಾರಿಯನ್ನೂ ವಲಯ ಅರಣ್ಯ ಕಚೇರಿಯನ್ನೂ ಕೇಳಿ. ಮೀಸಲು ಅರಣ್ಯವಾದರೆ ನಿಮ್ಮ ಊರಿನ ಗ್ರಾಮ ಅರಣ್ಯ ಸಮಿತಿಯ ಮೂಲಕ ಹೋಗಿ. ಆ ವಲಯದ ಕಿರು ಅರಣ್ಯ ಉತ್ಪನ್ನವನ್ನು ಈಗಾಗಲೇ ಟೆಂಡರಿನಲ್ಲಿ ಯಾರಿಗಾದರೂ ಕೊಟ್ಟಿದ್ದಾರೆಯೇ, ಅಥವಾ ಲ್ಯಾಂಪ್ಸ್ ಸೊಸೈಟಿಗೆ (ಆದಿವಾಸಿಗಳ ಸಹಕಾರ ಸಂಘ) ಸಂಗ್ರಹದ ಹಕ್ಕಿದೆಯೇ ಎಂದು ಜನವರಿಯಲ್ಲೇ ಲಿಖಿತವಾಗಿ ಕೇಳಿಕೊಳ್ಳಿ. ಏಪ್ರಿಲ್‌ನಲ್ಲಿ ಕೇಳಿದರೆ ಉತ್ತರ ಬರುವ ಹೊತ್ತಿಗೆ ಹಣ್ಣು ಮುಗಿದಿರುತ್ತದೆ.

ಸೋಮೇಶ್ವರ ಮತ್ತು ಮೂಕಾಂಬಿಕಾ ವನ್ಯಜೀವಿ ಧಾಮಗಳ ಒಳಗೆ ಇನ್ನೂ ಬಿಗಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 29ನೇ ಕಲಂ ಪ್ರಕಾರ ಧಾಮದಿಂದ ಅನುಮತಿಯ ಮೇಲೆ ತೆಗೆದ ಉತ್ಪನ್ನ ಸುತ್ತಲಿನವರ ಮನೆಬಳಕೆಗೆ ಮಾತ್ರ, ಮಾರಾಟಕ್ಕಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಿನ ಮರಗಳನ್ನು ನಿಮ್ಮ ಲೆಕ್ಕದಿಂದಲೇ ಬಿಟ್ಟುಬಿಡಿ. ಇದಕ್ಕೆ ಹೊರತಾಗಿರುವುದು 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕು ಮಾನ್ಯವಾದವರು. ಆ ಕಾಯ್ದೆಯ 3(1)(ಸಿ) ಕಲಂ ಕಿರು ಅರಣ್ಯ ಉತ್ಪನ್ನವನ್ನು ಸಂಗ್ರಹಿಸುವ, ಬಳಸುವ, ಮಾರುವ ಹಕ್ಕನ್ನು ಅವರಿಗೆ ಕೊಡುತ್ತದೆ. ಮಲೆಕುಡಿಯ, ಕೊರಗ ಕುಟುಂಬಗಳಿರುವ ಊರಿನಲ್ಲಿ ಅವರ ಅರ್ಜಿ ಗ್ರಾಮಸಭೆಯಲ್ಲಿ ಎಲ್ಲಿಗೆ ಬಂದು ನಿಂತಿದೆ ಎಂದು ವಿಚಾರಿಸಿ, ಅವರನ್ನು ಗುಂಪಿನ ಸದಸ್ಯರನ್ನಾಗಿಯೇ ಸೇರಿಸಿಕೊಳ್ಳಿ. ಬರೀ ಕೊಯ್ಲಿಗೆ ಕರೆದು ಕೂಲಿ ಕೊಟ್ಟು ಕಳುಹಿಸುವುದು ನ್ಯಾಯವಲ್ಲ. ಯಾವ ಮರ ಯಾವಾಗ ಬಿಡುತ್ತದೆ ಎಂಬ ತಿಳಿವಳಿಕೆ ಹೆಚ್ಚಾಗಿ ಅವರಲ್ಲೇ ಇದೆ.

ನಾಗಬನ, ದೇವರಕಾಡಿನ ಮರಗಳಿಗೆ ಕೈ ಹಚ್ಚಬೇಡಿ. ಕಾನೂನಿಗಿಂತ ದೊಡ್ಡ ಕಟ್ಟು ಅಲ್ಲಿದೆ, ಆ ಬನಗಳ ಬೀಜದಿಂದಲೇ ಸುತ್ತಲಿನ ಹಾಡಿಗಳಲ್ಲಿ (ಊರ ಬದಿಯ ಸಣ್ಣ ಕಾಡು) ಸಸಿ ಏಳುತ್ತಿದೆ.

ಮರ ಎಣಿಸುವುದು

ಹೆಚ್ಚಿನ ಗುಂಪುಗಳು ಯಂತ್ರ, ಲೇಬಲ್, ಬ್ರಾಂಡ್ ಹೆಸರಿನಿಂದ ಶುರು ಮಾಡುತ್ತವೆ. ಶುರು ಮಾಡಬೇಕಾದ್ದು ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಿಂದ.

ನವೆಂಬರ್‌ನಿಂದ ಫೆಬ್ರವರಿವರೆಗೆ ಪುನರ್ಪುಳಿ ಹೂಬಿಡುತ್ತದೆ. ಆಗಲೇ ಗುಡ್ಡೆ ಸುತ್ತಬೇಕು. ಏಕೆಂದರೆ ಈ ಜಾತಿಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಗಂಡು ಹೂ ಗೊಂಚಲಲ್ಲಿ ಬಂದು ಪರಾಗ ಚೆಲ್ಲಿ ಉದುರುತ್ತದೆ. ಹೆಣ್ಣು ಹೂವಿನ ನಡುವೆ ಪುಟ್ಟ ಕಾಯಿಯ ಉಂಡೆ ಕಾಣುತ್ತದೆ. ಹಣ್ಣು ಬಿಡದ ಮರ ದಂಡ ಎಂದು ಗಂಡು ಮರ ಕಡಿದವರು ನಮ್ಮ ಕಡೆ ಎಷ್ಟೋ ಜನ. ಎರಡು ಮೂರು ವರ್ಷದಲ್ಲಿ ಪಕ್ಕದ ಹೆಣ್ಣು ಮರಗಳಲ್ಲಿ ಕಾಯಿ ಇಳಿಯುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ. ಗಂಡು ಮರಕ್ಕೂ ನಂಬರ್ ಕೊಟ್ಟು ಪುಸ್ತಕಕ್ಕೆ ಸೇರಿಸಿ.

ಪ್ರತಿ ಮರಕ್ಕೆ ಒಂದು ಸಾಲು: ನಂಬರ್, ಜಾಗದ ಗುರುತು, ಗಂಡೋ ಹೆಣ್ಣೋ, ಎದೆಮಟ್ಟದಲ್ಲಿ ಸುತ್ತಳತೆ, ಕಳೆದ ವರ್ಷ ಎಷ್ಟು ಬುಟ್ಟಿ ಹಣ್ಣಾಯಿತು, ಈ ವರ್ಷದ ಹೂ ಹೇಗಿದೆ. ಮರಕ್ಕೆ ಮೊಳೆ ಹೊಡೆಯಬೇಡಿ, ತಗಡಿನ ಚೀಟಿಯನ್ನು ಸಡಿಲವಾದ ದಾರದಲ್ಲಿ ಕಟ್ಟಿ. ಚೆನ್ನಾಗಿ ಬೆಳೆದ ಹೆಣ್ಣು ಮರ ಒಳ್ಳೆಯ ವರ್ಷದಲ್ಲಿ 30ರಿಂದ 50 ಕೆಜಿ ಕೊಡಬಹುದು. ಆದರೆ ಕಾಡಿನ ದಟ್ಟ ನೆರಳಿನಲ್ಲಿರುವುದು ಅದರ ಅರ್ಧವನ್ನೂ ಕೊಡದೆ ಇರಬಹುದು, ಒಂದು ವರ್ಷ ತುಂಬಿ ಬಿಟ್ಟದ್ದು ಮರುವರ್ಷ ಸೊರಗುವುದೂ ಇದೆ. ಆದ್ದರಿಂದ ಲೆಕ್ಕವನ್ನು ಕೆಳಗಿನ ಅಂದಾಜಿನಲ್ಲೇ ಇಡಿ. 25 ಹೆಣ್ಣು ಮರಗಳಿದ್ದರೆ ಮರಕ್ಕೆ 20 ಕೆಜಿಯಂತೆ 500 ಕೆಜಿ ಎಂದುಕೊಳ್ಳಿ.

ಅದರಲ್ಲೂ ನಾಲ್ಕರಲ್ಲಿ ಒಂದು ಪಾಲು ಮರದಲ್ಲೇ, ಬುಡದಲ್ಲೇ ಬಿಡಬೇಕು. ಮಂಗ, ಪುನುಗಿನ ಬೆಕ್ಕು, ಹಕ್ಕಿಗಳಿಗೆ ಅದು ಬೇಸಗೆಯ ಆಹಾರ, ಮುಂದಿನ ಮರಗಳಿಗೆ ಅದೇ ಬೀಜ. ಹಾಗಾಗಿ ನಿಮ್ಮ ಕೈಗೆ ಬರುವುದು 375 ಕೆಜಿ. ಸಕ್ಕರೆ, ಬಾಟಲಿ, ಸಾಲ ಎಲ್ಲವನ್ನೂ ಈ ಸಂಖ್ಯೆಯ ಮೇಲೆ ತೀರ್ಮಾನಿಸಿ. ಅದಕ್ಕಿಂತ ದೊಡ್ಡ ಯಂತ್ರ ತಂದರೆ ಕಂತು ಕಟ್ಟಲಿಕ್ಕೆಂದು ಕಾಡಿನಿಂದ ಹೆಚ್ಚು ಕೀಳುವ ಒತ್ತಡ ಬರುತ್ತದೆ. ಹೀಗೆ ಕೆಟ್ಟುಹೋಗುವುದು ವ್ಯಾಪಾರವೂ ಹೌದು, ಹಾಡಿಯೂ ಹೌದು.

ಕೊಯ್ಲು

ಹಣ್ಣು ಪೂರ್ತಿ ಕಡುಗೆಂಪಿಗೆ ತಿರುಗಿದಾಗ ಕೊಯ್ಯಬೇಕು. ಅರೆಗೆಂಪಿನದ್ದನ್ನು ಕೊಯ್ದರೆ ಹಳದಿ ಸೊನೆ ಹೆಚ್ಚು, ಬಣ್ಣ ಕಡಿಮೆ, ಸಿರಪ್ಪಿಗೆ ಒಗರು ಬರುತ್ತದೆ. ಒಂದೇ ಮರದಲ್ಲಿ ಎಲ್ಲ ಹಣ್ಣು ಒಮ್ಮೆಗೇ ಆಗುವುದಿಲ್ಲ, ನಾಲ್ಕೈದು ದಿನಕ್ಕೊಮ್ಮೆಯಂತೆ ಮೂರು ನಾಲ್ಕು ಸಲ ಹೋಗಬೇಕಾಗುತ್ತದೆ. ಮರಕ್ಕೆ ಹತ್ತಿ ಕೊಂಬೆ ಕುಲುಕುವುದು, ಕೊಂಬೆ ಕಡಿದು ಕೆಳಗೆ ಹಾಕುವುದು ಎರಡೂ ಬೇಡ. ಇದರ ಕೊಂಬೆ ಜೋತು ಬೀಳುವಂಥದ್ದು, ಬೇಗ ಮುರಿಯುತ್ತದೆ.

ದೋಟಿಯ ತುದಿಗೆ ಬಲೆಯ ಚೀಲ ಕಟ್ಟಿಕೊಳ್ಳಿ. ಮರದ ಕೆಳಗೆ ಮೀನಿನ ಹಳೆಯ ಬಲೆಯನ್ನು ನೆಲದಿಂದ ಎರಡಡಿ ಎತ್ತರದಲ್ಲಿ ನಾಲ್ಕು ಗೂಟಕ್ಕೆ ಕಟ್ಟಿದರೆ ಉದುರಿದ ಹಣ್ಣೂ ಪೆಟ್ಟಾಗದೆ ಸಿಗುತ್ತದೆ. ಮಲ್ಪೆ, ಗಂಗೊಳ್ಳಿ ಕಡೆ ಹರಿದ ಬಲೆ ಅಗ್ಗಕ್ಕೆ ಸಿಗುತ್ತದೆ, ಸೋಪಿನ ನೀರಿನಲ್ಲಿ ಎರಡು ಸಲ ತೊಳೆದು ಬಿಸಿಲಿಗೆ ಹಾಕಿ ವಾಸನೆ ಹೋದ ಮೇಲೆ ಬಳಸಿ. ಸೀಸನ್ ಮುಗಿದ ದಿನವೇ ಬಲೆ ಬಿಚ್ಚಬೇಕು, ಇಲ್ಲದಿದ್ದರೆ ಹಾವು, ಹಕ್ಕಿ ಸಿಕ್ಕಿಕೊಳ್ಳುತ್ತವೆ.

ಗೋಣಿಯಲ್ಲಿ ತುಂಬಿ ತರುವುದೇ ಅತಿ ದೊಡ್ಡ ನಷ್ಟಕ್ಕೆ ಕಾರಣ. ಅಡಿಯ ಹಣ್ಣು ಒಡೆದು, ಆ ರಸದಲ್ಲಿ ಒಂದೇ ರಾತ್ರಿಯಲ್ಲಿ ನೊರೆ ಏಳುತ್ತದೆ. ತೂತಿರುವ ಪ್ಲಾಸ್ಟಿಕ್ ಕ್ರೇಟಿನಲ್ಲಿ ಅರ್ಧದಿಂದ ಮುಕ್ಕಾಲು ಭಾಗ ಮಾತ್ರ ತುಂಬಿ. ಗಟ್ಟಿ ಹಣ್ಣು ನೆರಳಿನಲ್ಲಿ ಐದಾರು ದಿನ ಉಳಿಯುತ್ತದಾದರೂ ಎರಡು ದಿನದೊಳಗೆ ಕತ್ತರಿಸುವ ಲೆಕ್ಕದಲ್ಲೇ ಕೊಯ್ಯಿಸಿ. ಕೊಯ್ದು ತಂದವರಿಗೆ ತೂಕ ಮಾಡಿ ಅಂದೇ ಹಣ ಕೊಡಿ. ಮುಂಗಡ ಕೊಟ್ಟು ಹಣ್ಣು ಕಟ್ಟಿಕೊಳ್ಳುವ ಮಧ್ಯವರ್ತಿಯ ಬಲವೆಲ್ಲ ಇರುವುದು ಅವನ ಕೈಯಲ್ಲಿರುವ ನಗದಿನಲ್ಲಿ. ತೂಕದ ಯಂತ್ರಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಲಿ.

ಕತ್ತರಿಸುವ ಕೋಣೆ

ಹಣ್ಣನ್ನು ಎರಡು ನೀರಿನಲ್ಲಿ ತೊಳೆದು, ಬಟ್ಟೆಯ ಮೇಲೆ ಹರಡಿ, ಮೇಲಿನ ಪಸೆ ಪೂರ್ತಿ ಆರಿಸಿ. ಆಮೇಲೆ ಸ್ಟೀಲಿನ ಚಾಕುವಿನಿಂದ ಅಡ್ಡಕ್ಕೆ ಎರಡು ಹೋಳು ಮಾಡಿ, ತಿರುಳು ಮತ್ತು ಬೀಜವನ್ನು ಚಮಚದಿಂದ ತೆಗೆದು ಬೇರೆ ಪಾತ್ರೆಗೆ ಹಾಕಿ. ಕೈಗವಸು ಬೇಕೇ ಬೇಕು. ಇದರ ಹುಳಿ ಎಷ್ಟು ತೀಕ್ಷ್ಣವೆಂದರೆ ದಿನವಿಡೀ ಬರಿಗೈಯಲ್ಲಿ ಕತ್ತರಿಸಿದವರ ಉಗುರಿನ ಸಂದು ಎರಡನೇ ದಿನಕ್ಕೆ ಸೀಳುತ್ತದೆ, ಊಟಕ್ಕೆ ಕೈ ಹಾಕಲಾಗುವುದಿಲ್ಲ.

ಅದೇ ಹುಳಿಯ ಕಾರಣಕ್ಕೆ ಅಲ್ಯೂಮಿನಿಯಂ, ಕಬ್ಬಿಣ, ತಾಮ್ರದ ಪಾತ್ರೆ ಒಳಗೆ ಬರಬಾರದು. ಲೋಹ ಕರಗಿ ರುಚಿ ಕೆಡುತ್ತದೆ, ಕೆಂಪು ಬಣ್ಣ ಕಂದಿ ಮಸುಕಾಗುತ್ತದೆ. 304 ದರ್ಜೆಯ ಸ್ಟೀಲು, ಆಹಾರ ದರ್ಜೆಯ ಪ್ಲಾಸ್ಟಿಕ್ ಡ್ರಮ್, ಗಾಜು, ನಮ್ಮ ಉಪ್ಪಿನಕಾಯಿ ಭರಣಿ, ಇವಿಷ್ಟೇ.

10 ಕೆಜಿ ಹಣ್ಣಿನಲ್ಲಿ ಹೆಚ್ಚುಕಡಿಮೆ ಅರ್ಧ, ಅಂದರೆ 5 ಕೆಜಿ ಸಿಪ್ಪೆ ಸಿಗುತ್ತದೆ. ಇಲ್ಲಿಂದ ದಾರಿ ಎರಡಾಗುತ್ತದೆ.

ಒಣಸಿಪ್ಪೆ

ಹಸಿ ಸಿಪ್ಪೆಯಲ್ಲಿ ನೂರಕ್ಕೆ ಎಂಬತ್ತರಷ್ಟು ನೀರೇ ಇದೆ. 5 ಕೆಜಿ ಸಿಪ್ಪೆ ಒಣಗಿದರೆ ಉಳಿಯುವುದು 1 ಕೆಜಿ, ಸ್ವಲ್ಪ ಹೆಚ್ಚು ಅಷ್ಟೇ. ನೆಲದ ಮೇಲೆ, ಟಾರ್ಪಾಲಿನ ಮೇಲೆ ಹರಡಬೇಡಿ. ಅಡಿಯಿಂದ ಗಾಳಿ ಆಡದೆ ಸಿಪ್ಪೆಯ ಕೆಳಮೈ ಬೆವರಿ ಬೂಸು ಹಿಡಿಯುತ್ತದೆ, ಧೂಳಂತೂ ಸರಿಯೇ. ಸೊಂಟದೆತ್ತರದ ಚೌಕಟ್ಟಿಗೆ ನೈಲಾನ್ ಬಲೆ ಬಿಗಿದು, ಹೋಳಿನ ಒಳಮೈ ಮೇಲಾಗುವಂತೆ ಒಂದೇ ಪದರದಲ್ಲಿ ಜೋಡಿಸಿ. ಮೇಲೊಂದು ತೆಳು ಬಟ್ಟೆ. ಒಳ್ಳೆಯ ಬಿಸಿಲಿಗೆ ಐದರಿಂದ ಎಂಟು ದಿನ. ರಾತ್ರಿ ಒಳಗೆ ತರಲೇಬೇಕು, ಕರಾವಳಿಯ ರಾತ್ರಿಯ ತೇವ ಹಗಲಿನ ಅರ್ಧ ಕೆಲಸವನ್ನು ಹಿಂದಕ್ಕೆ ಕೊಂಡೊಯ್ಯುತ್ತದೆ.

ಮೇ ತಿಂಗಳಲ್ಲಿ ಸಂಜೆ ಮಳೆ ಹೇಳಿ ಕೇಳಿ ಬರುವುದಿಲ್ಲ. ಅದಕ್ಕಾಗಿ ಪಾರದರ್ಶಕ ಹಾಳೆ ಹೊದಿಸಿದ, ಎರಡೂ ತುದಿಯಲ್ಲಿ ಗಾಳಿ ಆಡುವ ಸೋಲಾರ್ ಡ್ರೈಯರ್ ಇದ್ದರೆ ದೊಡ್ಡ ನೆಮ್ಮದಿ. ಒಳಗೆ ಒಂದು ಉಷ್ಣಮಾಪಕ ತೂಗುಹಾಕಿ, 50ರಿಂದ 60 ಡಿಗ್ರಿಯ ನಡುವೆ ಇರಲಿ. ಅದಕ್ಕಿಂತ ಏರಿದರೆ ಗಾಳಿಕಿಂಡಿ ತೆರೆಯಿರಿ, ಇಲ್ಲದಿದ್ದರೆ ಸಿಪ್ಪೆ ಹೊರಗೆ ಗಟ್ಟಿಯಾಗಿ ಒಳಗೆ ಹಸಿಯಾಗಿ ಉಳಿಯುತ್ತದೆ, ಬಣ್ಣವೂ ಕಂದಾಗುತ್ತದೆ.

ಒಣಗಿದೆಯೋ ಇಲ್ಲವೋ ಎಂದು ನೋಡಲು ಯಂತ್ರ ಬೇಕಾಗಿಲ್ಲ. ಒಂದು ಮುಷ್ಟಿ ಸಿಪ್ಪೆಯನ್ನು ಗಾಜಿನ ಶೀಶೆಯಲ್ಲಿ ಹಾಕಿ ಬಿಗಿಯಾಗಿ ಮುಚ್ಚಿ, ಬಿಸಿಲಿನಲ್ಲಿ ಎರಡು ಗಂಟೆ ಇಡಿ. ಶೀಶೆಯ ಒಳಗೋಡೆಗೆ ಹಬೆ ಹಿಡಿದು ಸಣ್ಣ ಸಣ್ಣ ಹನಿ ಕಂಡರೆ ಇನ್ನೊಂದು ದಿನ ಬೇಕು. ಗಾಜು ಒಣಗಿದ್ದು, ಸಿಪ್ಪೆ ಚರ್ಮದ ಹಾಗೆ ಬಾಗಿ, ಒತ್ತಿದರೆ ಬೆರಳಿಗೆ ಅಂಟದಿದ್ದರೆ ಸರಿ. ಈ ಪರೀಕ್ಷೆ ಬಿಟ್ಟು ಚೀಲ ಕಟ್ಟಿದ್ದು ಜುಲೈಯಲ್ಲಿ ತೆರೆದಾಗ ಬೆಳ್ಳಗೆ ಬೂಸಾಗಿ ಕಾಣುತ್ತದೆ. ತೊಳೆದು ಮತ್ತೆ ಒಣಗಿಸಿ ಮಾರುವ ಯೋಚನೆ ಬೇಡ, ಗೊಬ್ಬರದ ಗುಂಡಿಗೆ ಹಾಕಿ.

ಉಪ್ಪು ಹಾಕದೆ ಒಣಗಿಸಿದ್ದು ಜ್ಯೂಸಿಗೂ ಸಾರಿಗೂ ಆಗುತ್ತದೆ. ತಿರುಳಿನ ರಸಕ್ಕೆ ಉಪ್ಪು ಬೆರೆಸಿ, ಅದರಲ್ಲಿ ಸಿಪ್ಪೆಯನ್ನು ಮತ್ತೆ ಮತ್ತೆ ಅದ್ದಿ ಒಣಗಿಸುವ ಕ್ರಮ ಕೊಂಕಣದ ಕಡೆಯದು. ಅಡುಗೆಗೆ ಒಳ್ಳೆಯದು, ಜ್ಯೂಸಿಗೆ ಬರುವುದಿಲ್ಲ. ಎರಡನ್ನೂ ಮಾಡುವಿರಾದರೆ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿಡಿ.

ಸಿರಪ್

ಲಾಭವೂ ಇಲ್ಲಿ, ಹಾಳಾಗುವುದೂ ಇಲ್ಲಿ. ಅಳತೆ ಸರಳ: ಸಿಪ್ಪೆಗೆ ಎರಡು ಪಟ್ಟು ಸಕ್ಕರೆ, ತೂಕದಲ್ಲಿ. 5 ಕೆಜಿ ಸಿಪ್ಪೆಗೆ 10 ಕೆಜಿ. ಒಂದು ಹನಿ ನೀರೂ ಬೇಡ.

ಡ್ರಮ್ಮಿನ ಅಡಿಗೆ ಒಂದು ಪದರ ಸಕ್ಕರೆ, ಮೇಲೆ ಸಿಪ್ಪೆ, ಮತ್ತೆ ಸಕ್ಕರೆ, ಕೊನೆಗೆ ಸಕ್ಕರೆಯೇ ಮೇಲಿರಲಿ. ಸಕ್ಕರೆ ಸಿಪ್ಪೆಯ ರಸವನ್ನು ಎಳೆಯುತ್ತದೆ, ಮರುದಿನ ಬೆಳಿಗ್ಗೆಗೆ ಅಡಿಯಲ್ಲಿ ನಾಲ್ಕು ಬೆರಳು ಕಡುಗೆಂಪು ರಸ ನಿಂತಿರುತ್ತದೆ. ಬೆಳಿಗ್ಗೆ ಸಂಜೆ ಒಣಗಿದ ಮರದ ಸೌಟಿನಿಂದ ಅಡಿಮೇಲು ಮಾಡುತ್ತ ಏಳೆಂಟು ದಿನ ಇಡಿ. ಸಂಜೆಯ ಸರದಿ ತಪ್ಪಿಸಿದರೆ ಮೇಲೆ ತೇಲುವ ಸಿಪ್ಪೆಯ ಸುತ್ತ ಸಕ್ಕರೆ ಸಾಲದೆ ನೊರೆ ಕಾಣಿಸಿಕೊಳ್ಳುತ್ತದೆ. ಡ್ರಮ್ಮಿನ ಬಾಯಿಗೆ ಬಟ್ಟೆ ಕಟ್ಟಿ ಮೇಲೆ ಮುಚ್ಚಳ ಇಡಿ, ಇಲ್ಲವಾದರೆ ಜೇನುನೊಣಗಳು ಬಂದು ಬಿದ್ದು ಸಾಯುತ್ತವೆ.

ಏಳು ದಿನ ಕಳೆದರೂ ಅಡಿಯಲ್ಲಿ ಕರಗದ ಸಕ್ಕರೆ ಇದ್ದರೆ ನೀರು ಹಾಕಲು ಹೋಗಬೇಡಿ. ತಿರುಳನ್ನು ಹಿಂಡಿ ಸೋಸಿದ ರಸ ಅರ್ಧ ಲೀಟರ್ ಸೇರಿಸಿ ಕಲಕಿ. ಆಮೇಲೆ ಎರಡು ಪದರದ ಬಿಳಿ ಬಟ್ಟೆಯಲ್ಲಿ ಸೋಸಬೇಕು. ಹಿಂಡಬಾರದು, ಹಿಂಡಿದರೆ ಕದಡುತ್ತದೆ. 10 ಕೆಜಿ ಹಣ್ಣಿಗೆ ಎಂಟರಿಂದ ಒಂಬತ್ತು ಲೀಟರ್ ಸಿರಪ್ ನಿರೀಕ್ಷಿಸಿ.

ಈಗ ಬ್ರಿಕ್ಸ್ ಮೀಟರ್. ಇದು ಗುಂಪು ಕೊಳ್ಳಲೇಬೇಕಾದ ಉಪಕರಣ. ಕೈಯಲ್ಲಿ ಹಿಡಿದು ಬೆಳಕಿಗೆ ನೋಡುವಂಥದ್ದು, 58ರಿಂದ 90ರ ಅಳತೆ ತೋರಿಸುವಂಥದ್ದು ಕೇಳಿ. ಗಾಜಿನ ಮೇಲೆ ಎರಡು ಹನಿ ಬಿಟ್ಟು ಮುಚ್ಚಿದರೆ ನೀಲಿ, ಬಿಳಿ ಭಾಗ ಸೇರುವ ಗೆರೆ ಎಲ್ಲಿದೆಯೋ ಅದೇ ಸಕ್ಕರೆಯಂಶ. ಆಹಾರ ಸುರಕ್ಷತಾ ನಿಯಮದಂತೆ ಹಣ್ಣಿನ ಸಿರಪ್ ಎಂದು ಹೆಸರಿಡಬೇಕಾದರೆ ಇದು ಕನಿಷ್ಠ 65 ಇರಬೇಕು, ಹಣ್ಣಿನ ರಸ ಕನಿಷ್ಠ ನೂರಕ್ಕೆ 25. ನಮಗೂ 65 ಮುಟ್ಟಲೇಬೇಕು, ಏಕೆಂದರೆ ಅದಕ್ಕಿಂತ ಕೆಳಗೆ ಹುದುಗು ಬದುಕುತ್ತದೆ, ಜೂನ್ ಹೊತ್ತಿಗೆ ಅಂಗಡಿಯ ಕಪಾಟಿನಲ್ಲಿ ಮುಚ್ಚಳ ಹಾರುತ್ತದೆ. 70 ದಾಟಿದರೆ ಬಾಟಲಿಯ ತಳದಲ್ಲಿ ಸಕ್ಕರೆಯ ಹರಳು ಕಟ್ಟುತ್ತದೆ, ಕೊಂಡವರು ಕಲಬೆರಕೆ ಎಂದುಕೊಳ್ಳುತ್ತಾರೆ. 66ರಿಂದ 68 ಹದ.

ಸೋಸಿದ ಸಿರಪ್ಪನ್ನು ಸ್ಟೀಲಿನ ಪಾತ್ರೆಯಲ್ಲಿ 80ರಿಂದ 85 ಡಿಗ್ರಿಗೆ ಏರಿಸಿ, ಐದು ನಿಮಿಷ ಹಿಡಿದು ಇಳಿಸಿ. ಕುದಿಸಬೇಡಿ, ಈ ಕೆಂಪು ಬಣ್ಣ ಉರಿಗೂ ಬೆಳಕಿಗೂ ಸೋಲುತ್ತದೆ. ಬಿಸಿಯಾಗಿಯೇ ತುಂಬುವುದಾದರೆ ಗಾಜಿನ ಬಾಟಲಿ ಬೇಕು, ಅದನ್ನೂ ಮೊದಲೇ ಬಿಸಿಮಾಡಿಕೊಂಡಿರಬೇಕು, ಇಲ್ಲದಿದ್ದರೆ ಸೀಳುತ್ತದೆ. ಸಾಧಾರಣ ಪೆಟ್ ಬಾಟಲಿ ಆ ಬಿಸಿಗೆ ಸೊಟ್ಟಗಾಗುತ್ತದೆ, ಅದಕ್ಕೆ ಮುಚ್ಚಿದ ಪಾತ್ರೆಯಲ್ಲೇ ಪೂರ್ತಿ ತಣಿಸಿ ತುಂಬಬೇಕು. ಬಾಟಲಿ ತೊಳೆದು ಒಳಗೆ ಒಂದು ಹನಿಯೂ ಉಳಿಯದಂತೆ ಒಣಗಿಸುವುದು ಮುಖ್ಯ. ಬೂಸು ಯಾವಾಗಲೂ ಬಾಟಲಿಯ ಕುತ್ತಿಗೆಯಲ್ಲೇ ಏಕೆ ಬರುತ್ತದೆ ಎಂದರೆ, ಬಿಸಿ ಸಿರಪ್ಪಿನ ಹಬೆ ಮುಚ್ಚಳಕ್ಕೆ ತಾಗಿ ನೀರಾಗಿ ಕೆಳಗಿಳಿದು ಮೇಲಿನ ಪದರವನ್ನಷ್ಟೇ ತೆಳ್ಳಗೆ ಮಾಡುತ್ತದೆ. ಬಿಸಿಯಾಗಿ ತುಂಬಿದ ಗಾಜಿನ ಬಾಟಲಿಯನ್ನು ಮುಚ್ಚಿದ ಕೂಡಲೇ ಎರಡು ನಿಮಿಷ ತಲೆಕೆಳಗಾಗಿ ಮಲಗಿಸಿ, ತಣಿದ ಮೇಲೆ ಒಮ್ಮೆ ಕುಲುಕಿದರೆ ಈ ತೊಂದರೆ ನಿಲ್ಲುತ್ತದೆ.

65ರ ಮೇಲಿರುವ ಸಿರಪ್ಪಿಗೆ ಸಂರಕ್ಷಕ ಹಾಕುವ ಅಗತ್ಯ ಬರುವುದಿಲ್ಲ. ಯಾರಾದರೂ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಹಾಕಿ ಎಂದು ಸಲಹೆ ಕೊಟ್ಟರೆ ಖಂಡಿತ ಬೇಡ ಎನ್ನಿ. ನಿಂಬೆ, ಅನಾನಸಿಗೆ ಅದು ಸರಿ, ಪುನರ್ಪುಳಿಯ ಕೆಂಪನ್ನು ಅದು ತೊಳೆದು ಹಾಕುತ್ತದೆ. ಕೃತಕ ಬಣ್ಣವಂತೂ ಬೇಡವೇ ಬೇಡ, ಈ ಹಣ್ಣಿಗೆ ಅದು ಅವಮಾನ.

ಉಳಿದದ್ದು ಕಸವಲ್ಲ

ಸೋಸಿದ ಮೇಲೆ ಸಕ್ಕರೆ ಹೀರಿದ ಸಿಪ್ಪೆ ಉಳಿಯುತ್ತದೆ, 5 ಕೆಜಿಯ ಹಂತಕ್ಕೆ ಎರಡು ಮೂರು ಕೆಜಿ. ಮೇಲಿನ ಅಂಟನ್ನು ಬಿಸಿನೀರಿನಲ್ಲಿ ಒಮ್ಮೆ ಅದ್ದಿ ತೆಗೆದು, ಉದ್ದಕ್ಕೆ ಸೀಳಿ ಡ್ರೈಯರಿನಲ್ಲಿ ಒಣಗಿಸಿದರೆ ಹುಳಿಸಿಹಿ ಕ್ಯಾಂಡಿ. ಮಕ್ಕಳು ಮೊದಲು ಮುಗಿಸುವುದು ಇದನ್ನೇ. ಬೀಜವನ್ನು ಬೂದಿಯಲ್ಲಿ ತಿಕ್ಕಿ ತೊಳೆದು ಒಣಗಿಸಿಡಿ. ಮಳೆಗಾಲದ ಬಿಡುವಿನಲ್ಲಿ ಸಿಪ್ಪೆ ಒಡೆದು, ಒಳಗಿನ ತಿರುಳನ್ನು ಕುಟ್ಟಿ, ನೀರಿನಲ್ಲಿ ಕುದಿಸಿದರೆ ಮೇಲೆ ತೇಲುವುದೇ ಪುನರ್ಪುಳಿ ತುಪ್ಪ, ತಣಿದರೆ ಮೇಣದಂತೆ ಗಟ್ಟಿಯಾಗುತ್ತದೆ. ಹಿಮ್ಮಡಿ ಒಡೆತಕ್ಕೆ ನಮ್ಮ ಅಜ್ಜಿಯಂದಿರು ಹಚ್ಚುತ್ತಿದ್ದದ್ದು ಇದನ್ನೇ. ಆದರೆ ಅದನ್ನು ಕ್ರೀಮ್, ಲಿಪ್ ಬಾಮ್ ಎಂದು ಡಬ್ಬಿಯಲ್ಲಿ ಮಾರಲು ಪ್ರಸಾಧನ ಸಾಮಗ್ರಿಯ ಬೇರೆಯೇ ಪರವಾನಿಗೆ ಬೇಕು. ಆ ಗೊಡವೆ ಬೇಡವೆಂದರೆ ಸಾಬೂನು ತಯಾರಕರಿಗೆ ಕಚ್ಚಾ ತುಪ್ಪವಾಗಿ ಕೆಜಿ ಲೆಕ್ಕದಲ್ಲಿ ಕೊಡಿ.

ದರ ಕಟ್ಟುವುದು

ಕೆಳಗಿನ ದರಗಳು ಲೆಕ್ಕದ ಕ್ರಮ ತೋರಿಸಲು ಮಾತ್ರ, ನಿಮ್ಮ ಊರಿನ ದರ ಹಾಕಿ ಮತ್ತೆ ಮಾಡಿ. 10 ಕೆಜಿ ಹಣ್ಣು, ಕೆಜಿಗೆ 40ರಂತೆ 400 ರೂಪಾಯಿ. ಸಕ್ಕರೆ 10 ಕೆಜಿ, 45ರಂತೆ 450. ತೊಳೆಯುವುದರಿಂದ ಬಾಟಲಿ ತುಂಬುವವರೆಗೆ ಒಟ್ಟು ಒಂದಾಳಿನ ಕೆಲಸ, 450. ಅರ್ಧ ಲೀಟರಿನ 17 ಬಾಟಲಿ, 14ರಂತೆ 238. ಲೇಬಲ್, ಗ್ಯಾಸ್, ಸಾಗಾಟ 150. ಒಟ್ಟು 1,688. ಒಂದು ಬಾಟಲಿ ಮಾದರಿಗೋ ಒಡೆದೋ ಹೋಗುತ್ತದೆ, ಮಾರಲು ಉಳಿಯುವುದು 16. ಒಂದಕ್ಕೆ ಬಿದ್ದ ಖರ್ಚು 105 ರೂಪಾಯಿ 50 ಪೈಸೆ.

ಅಂಗಡಿಯವರು ಮುದ್ರಿತ ದರದಲ್ಲಿ ನೂರಕ್ಕೆ 25 ಕೇಳಿದರು ಎಂದಿಟ್ಟುಕೊಳ್ಳಿ. 160ಕ್ಕೆ ಮಾರಿದರೆ ನಿಮ್ಮ ಕೈಗೆ 120, ಉಳಿಕೆ ಹದಿನಾಲ್ಕೂವರೆ. 180 ಇಟ್ಟರೆ ಕೈಗೆ 135, ಉಳಿಕೆ ಇಪ್ಪತ್ತೊಂಬತ್ತೂವರೆ. ದರದಲ್ಲಿ 20 ರೂಪಾಯಿ ಏರಿದ್ದಕ್ಕೆ ಉಳಿಕೆ ಇಮ್ಮಡಿಯಾಯಿತು. ಸದಸ್ಯರ ಕೂಲಿಯನ್ನು ಲೆಕ್ಕಕ್ಕೆ ಹಿಡಿಯದೆ ದರ ಇಡುವುದು ಮಹಿಳಾ ಗುಂಪುಗಳಲ್ಲಿ ಕಾಣುವ ಸಾಮಾನ್ಯ ತಪ್ಪು. ಮನೆಯವರ ದುಡಿಮೆಯೂ ದುಡಿಮೆಯೇ. ಅದನ್ನು ಬಿಟ್ಟ ಲೆಕ್ಕದಲ್ಲಿ ಲಾಭ ಕಾಣುತ್ತದೆ, ಎರಡನೇ ವರ್ಷ ಕೆಲಸಕ್ಕೆ ಯಾರೂ ಬರುವುದಿಲ್ಲ.

ಇನ್ನೊಂದು ವಿಷಯ ಬಂಡವಾಳದ್ದು. ಹಣ್ಣು, ಸಕ್ಕರೆ, ಬಾಟಲಿಗೆ ಹಣ ಬೇಕಾಗುವುದು ಆರು ವಾರದಲ್ಲಿ, ವಾಪಸು ಬರುವುದು ಹತ್ತು ತಿಂಗಳಲ್ಲಿ. ಗುಂಪಿನ ಉಳಿತಾಯ, ಸಂಜೀವಿನಿ ಒಕ್ಕೂಟದ (ಊರಿನ ಮಹಿಳಾ ಸ್ವಸಹಾಯ ಗುಂಪುಗಳ ಒಕ್ಕೂಟ) ಸಾಲ ಏನೇ ಇರಲಿ, ಮಾರ್ಚ್ ಮೊದಲ ವಾರಕ್ಕೆ ಖಾತೆಯಲ್ಲಿರಬೇಕು. ಕಿರು ಆಹಾರ ಸಂಸ್ಕರಣೆಗಾಗಿ 2020ರಲ್ಲಿ ಶುರುವಾದ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಯಂತ್ರಗಳ ವೆಚ್ಚಕ್ಕೆ ಶೇ. 35 ಸಹಾಯಧನ, ಸ್ವಸಹಾಯ ಗುಂಪಿನ ಸದಸ್ಯರಿಗೆ ತಲಾ 40,000 ರೂಪಾಯಿವರೆಗೆ ಆರಂಭಿಕ ಬಂಡವಾಳದ ಅವಕಾಶ ಇಡಲಾಗಿತ್ತು. ನೀವು ಹೋಗುವ ವರ್ಷ ಯಾವುದು ಚಾಲ್ತಿಯಲ್ಲಿದೆ ಎಂದು ಜಿಲ್ಲೆಯ ಕೃಷಿ ಇಲಾಖೆಯಲ್ಲಿ ಕೇಳಿ. ಸಹಾಯಧನ ಸಾಲದ ಬೆನ್ನಿಗೆ ಬರುವಂಥದ್ದು, ಅದನ್ನೇ ನಂಬಿ ಹಣ್ಣು ಕೊಳ್ಳಲಾಗದು.

ಕಾಗದಪತ್ರ, ಲೇಬಲ್, ಮಾರಾಟ

ಸಣ್ಣ ವಹಿವಾಟಿನ ಘಟಕಕ್ಕೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಸಾಕು, ಅದರದ್ದೇ ಫಾಸ್ಕಾಸ್ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಸಣ್ಣ ಉದ್ದಿಮೆಗಳಿಗೆ ಸರಕಾರ ಕೊಡುವ ಉದ್ಯಮ್ ನೋಂದಣಿಗೆ ಹಣ ಕೊಡಬೇಕಾಗಿಲ್ಲ, ಮಧ್ಯೆ ಯಾರಾದರೂ ಕೇಳಿದರೆ ಕೊಡಬೇಡಿ.

ಲೇಬಲ್ಲಿನಲ್ಲಿ ಪದಾರ್ಥದ ಹೆಸರು, ಬಳಸಿದ ವಸ್ತುಗಳು, ನಿವ್ವಳ ಪ್ರಮಾಣ, ತಯಾರಿಸಿದ ದಿನಾಂಕ, ಎಷ್ಟು ತಿಂಗಳೊಳಗೆ ಬಳಸಬೇಕು, ಬ್ಯಾಚ್ ಸಂಖ್ಯೆ, ಗರಿಷ್ಠ ದರ, ವಿಳಾಸ, ಸಸ್ಯಾಹಾರದ ಹಸಿರು ಗುರುತು, 14 ಅಂಕೆಯ ನೋಂದಣಿ ಸಂಖ್ಯೆ ಇರಬೇಕು. ಸಿರಪ್ಪನ್ನು ಮಿಲಿಲೀಟರಿನಲ್ಲೇ ಅಳೆಯಿರಿ. ಇದರ ಒಂದು ಲೀಟರ್ 1.3 ಕೆಜಿ ತೂಗುವುದರಿಂದ ತಕ್ಕಡಿಯಲ್ಲಿ ಅರ್ಧ ಕೆಜಿ ತೂಗಿ 500 ಮಿಲಿ ಎಂದು ಬರೆದರೆ ಗಿರಾಕಿಗೆ ಮೋಸವಾಗುತ್ತದೆ. ಪಿತ್ತಕ್ಕೆ, ಪಿತ್ತಗಂದೆಗೆ ಪುನರ್ಪುಳಿ ಕುಡಿಯುವುದು ನಮ್ಮ ಮನೆಗಳ ರೂಢಿ. ಹಾಗೆಂದು ಆಹಾರದ ಲೇಬಲ್ಲಿನಲ್ಲಿ ರೋಗ ವಾಸಿಮಾಡುತ್ತದೆ ಎಂದು ಬರೆಯಲು ಕಾನೂನು ಬಿಡುವುದಿಲ್ಲ. ಒಂದು ಭಾಗ ಸಿರಪ್ಪಿಗೆ ಐದರಿಂದ ಆರು ಭಾಗ ನೀರು, ಚಿಟಿಕೆ ಉಪ್ಪು, ಜೀರಿಗೆ ಪುಡಿ ಎಂದು ಬರೆಯಿರಿ, ಅದು ಜನರಿಗೆ ಉಪಯೋಗ.

ಮೊದಲ ವರ್ಷ ಅಂಗಡಿಗಳಿಗಿಂತ ಹೋಟೆಲುಗಳನ್ನು ಹಿಡಿಯುವುದು ಒಳ್ಳೆಯದು. ಉಡುಪಿ, ಮಣಿಪಾಲ, ಮಂಗಳೂರಿನ ಜ್ಯೂಸ್ ಅಂಗಡಿ, ಕೊಲ್ಲೂರು, ಧರ್ಮಸ್ಥಳ, ಸುಬ್ರಹ್ಮಣ್ಯದ ದಾರಿಯ ಹೋಟೆಲುಗಳಿಗೆ 5 ಲೀಟರಿನ ಕ್ಯಾನಿನಲ್ಲಿ ಕೊಟ್ಟರೆ ಬಾಟಲಿ, ಲೇಬಲ್ಲಿನ ಖರ್ಚು ಬಹಳ ತಗ್ಗುತ್ತದೆ. ಅರ್ಧ ಲೀಟರಿಗೆ 200 ಮಿಲಿಯ 15ರಿಂದ 17 ಲೋಟ ಆಗುತ್ತದೆ ಎಂದು ಅವರ ಎದುರೇ ಕಲಸಿ ತೋರಿಸಿ. ಎರಡು ತಿಂಗಳ ಉದ್ದರಿ ಕೇಳುವವರಿಗೆ ಮೊದಲು ಒಂದು ಕ್ಯಾನ್ ಮಾತ್ರ ಕೊಡಿ, ಹಣ ಬಂದ ಮೇಲೆ ಇನ್ನೊಂದು. ಪ್ರತಿ ಬ್ಯಾಚಿನ ಒಂದು ಬಾಟಲಿಯನ್ನು ಕತ್ತಲೆಯ ಕಪಾಟಿನಲ್ಲಿ ನಿಮ್ಮಲ್ಲೇ ಇಟ್ಟುಕೊಳ್ಳಿ. ದೂರು ಬಂದಾಗ ತಪ್ಪು ನಿಮ್ಮದೋ, ಬಿಸಿಲಿನಲ್ಲಿಟ್ಟ ಅಂಗಡಿಯದ್ದೋ ಎಂದು ಅದೇ ಹೇಳುತ್ತದೆ.

ತರಬೇತಿಗೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರ, ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರ, ಉಜಿರೆಯ ರುಡ್‌ಸೆಟ್ ಸಂಸ್ಥೆ ಇವೆ.

ಜೂನ್‌ನಲ್ಲಿ ಮಾಡುವ ಕೆಲಸ

ಮಳೆ ಹಿಡಿದ ಮೇಲೆ ನೋಟ್‌ಬುಕ್ ತೆರೆದು ಯಾವ ಮರದಿಂದ ಎಷ್ಟು ಕೆಜಿ ಬಂತು ಎಂದು ತುಂಬಿಸಿ. ಮರಗಳ ಕೆಳಗೆ ಆ ವರ್ಷದ ಸಸಿ ಎದ್ದಿದೆಯೇ ನೋಡಿ. ಸಸಿಯೇ ಇಲ್ಲದ ಹಾಡಿಯಲ್ಲಿ ಮುಂದಿನ ವರ್ಷ ಕೊಯ್ಲನ್ನು ಅರ್ಧಕ್ಕೆ ಇಳಿಸಿ.

ಅದೇ ಹೊತ್ತಿಗೆ ಪ್ರತಿ ಸದಸ್ಯರ ಹಿತ್ತಿಲಿಗೆ ಎರಡೆರಡು ಗಿಡ ಹೋಗಲಿ. ಬೀಜದಿಂದ ಬಂದ ಸಸಿಯಲ್ಲಿ ಅರ್ಧದಷ್ಟು ಗಂಡಾಗುತ್ತವೆ, ಅದು ತಿಳಿಯಲು ಏಳೆಂಟು ವರ್ಷ ಕಾಯಬೇಕು. ಹೆಣ್ಣು ಮರದಿಂದ ಕಸಿ ಮಾಡಿದ್ದು ಐದಾರು ವರ್ಷಕ್ಕೆ ಹಣ್ಣಿಗೆ ಬರುತ್ತದೆ. ದಾಪೋಲಿಯ ಕೃಷಿ ವಿಶ್ವವಿದ್ಯಾಲಯದ ಕೊಂಕಣ ಅಮೃತಾ, ಕೊಂಕಣ ಹಾತಿಸ್ ತಳಿಗಳಿವೆ. ನಿಮ್ಮದೇ ಗುಡ್ಡೆಯ ದೊಡ್ಡ ಹಣ್ಣಿನ, ದಪ್ಪ ಸಿಪ್ಪೆಯ ಮರವಿದ್ದರೆ ಅದರಿಂದಲೇ ಕಸಿ ಕಟ್ಟಿಸುವುದು ಇನ್ನೂ ಒಳ್ಳೆಯದು. ಕಸಿ ಕಡ್ಡಿಯನ್ನು ನೆಟ್ಟಗೆ ಮೇಲಕ್ಕೆ ಬೆಳೆದ ಚಿಗುರಿನಿಂದ ತೆಗೆಯಬೇಕು. ಅಡ್ಡಕೊಂಬೆಯ ಕಡ್ಡಿ ಕಟ್ಟಿದರೆ ಗಿಡ ಎತ್ತರಕ್ಕೆ ಹೋಗದೆ ನೆಲಕ್ಕೆ ಹರಡುತ್ತದೆ, ನರ್ಸರಿಯಿಂದ ತರುವಾಗಲೂ ಇದನ್ನು ನೋಡಿಯೇ ಆರಿಸಿ. ಎರಡಡಿ ಉದ್ದಗಲ ಆಳದ ಗುಂಡಿ, ಗಿಡದಿಂದ ಗಿಡಕ್ಕೆ 6 ಮೀಟರ್, ಹತ್ತು ಹೆಣ್ಣಿಗೆ ಒಂದಾದರೂ ಗಂಡು. ಮೊದಲ ಎರಡು ಬೇಸಗೆ ಮಡಲಿನ ನೆರಳು ಕಟ್ಟಿ, ಬುಡಕ್ಕೆ ತರಗೆಲೆ ಹೊದಿಸಿ, ವಾರಕ್ಕೆರಡು ಕೊಡ ನೀರು ಹಾಕಿ.